ಸೋಮವಾರ ಬೆಳಿಗ್ಗೆಯ ಹೊಟ್ಟೆನೋವು: ಶಾಲೆಯ ಕಿರುಕುಳದ ಬಗ್ಗೆ ಕಾಸರಗೋಡಿನ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಪೇಟೆಯಲ್ಲೂ ಆಸುಪಾಸಿನಲ್ಲೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದವನು ನಾನು. ಈ ಪ್ರಶ್ನೆಗಳಲ್ಲಿ ಹೆಚ್ಚಿನವು ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ, ಮೆಟ್ಟಿಲ ಬಳಿ ದನಿ ತಗ್ಗಿಸಿ ಕೇಳಿದವು. ಸಭೆಯೊಳಗೆ ಯಾರೂ ಕೇಳುವುದಿಲ್ಲ.

ಮಕ್ಕಳೆಂದ ಮೇಲೆ ಕೀಟಲೆ, ಜಗಳ ಇದ್ದದ್ದೇ. ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳಬೇಕೇ?

ಎಲ್ಲದಕ್ಕೂ ಬೇಡ. ಔಟೋ ಅಲ್ಲವೋ ಎಂದು ಇಬ್ಬರು ಹುಡುಗರು ಮಣ್ಣಿನಲ್ಲಿ ಹೊರಳಾಡಿ, ಮರುದಿನ ಒಂದೇ ಬೆಂಚಿನಲ್ಲಿ ಕುಳಿತರೆ ಅದು ಜಗಳ. ಇಬ್ಬರಿಗೂ ಏಟು ಬಿದ್ದಿರುತ್ತದೆ, ಇಬ್ಬರೂ ಮರೆತಿರುತ್ತಾರೆ. ಕಿರುಕುಳದಲ್ಲಿ ಏಟು ಯಾವಾಗಲೂ ಒಬ್ಬನಿಗೇ ಬೀಳುತ್ತದೆ, ವಾರಗಟ್ಟಲೆ ಬೀಳುತ್ತದೆ. ಅವನು ತಿರುಗಿ ಬೀಳಲಾರ ಎಂಬುದು ಸುತ್ತ ನಿಂತವರಿಗೆಲ್ಲ ಗೊತ್ತಿರುತ್ತದೆ, ಅವರು ನಗುತ್ತಿರುತ್ತಾರೆ.

ನಾನು ಕಂಡ ಒಬ್ಬ ಹುಡುಗ ಏಳನೇ ತರಗತಿಯವರೆಗೆ ಊರಿನ ಸಣ್ಣ ಕನ್ನಡ ಶಾಲೆಯಲ್ಲಿ ಓದಿ, ಎಂಟಕ್ಕೆ ಪೇಟೆಯ ದೊಡ್ಡ ಶಾಲೆಗೆ ಬಂದ. ಮೊದಲ ವಾರ ಹಾಜರಿ ಕರೆಯುವಾಗ ತನ್ನ ಹೆಸರು ಬಾರದ್ದನ್ನು ಕಂಡು ಎದ್ದು ನಿಂತು, ಬರುವಷ್ಟು ಮಲಯಾಳದಲ್ಲಿ ‘ಎಂಡೆ ಪೇರ್ ಪಟ್ಟಿಯಿಲ್ ಇಲ್ಲ’ ಎಂದ. ನಮಗೆ ಪಟ್ಟಿ ಎಂದರೆ ಹೆಸರುಗಳ ಸಾಲು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ತರಗತಿಗೆ ತರಗತಿಯೇ ನಕ್ಕಿತು, ಟೀಚರ್ ಕೂಡ ನಕ್ಕರು. ಆ ನಗುವಿನಲ್ಲಿ ಯಾರ ತಪ್ಪೂ ಇಲ್ಲ, ನಾನಿದ್ದರೂ ನಗುತ್ತಿದ್ದೆ. ಆದರೆ ಮರುದಿನ ಬಸ್ ನಿಲ್ದಾಣದಲ್ಲಿ ಯಾರೋ ಬೊಗಳಿದರು. ಓಣಂ ಪರೀಕ್ಷೆಯ ಹೊತ್ತಿಗೆ ಅವನ ನಿಜವಾದ ಹೆಸರು ಗೊತ್ತಿಲ್ಲದವರಿಗೂ ಈ ಹೆಸರು ಗೊತ್ತಿತ್ತು. ಊಟದ ಬಿಡುವಿನಿಂದ ಬಂದು ನೋಡಿದರೆ ಅವನ ಡೆಸ್ಕಿನ ಮೇಲೆ ದಿನಕ್ಕೊಂದು ಗ್ಲೂಕೋಸ್ ಬಿಸ್ಕತ್ತು. ಅವನು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ನಿಲ್ಲಿಸಿದ, ಕನ್ನಡದಲ್ಲೂ. ಮೊದಲ ದಿನದ ನಗುವಿಗೂ ಆ ಬಿಸ್ಕತ್ತಿಗೂ ನಡುವೆ ಎಲ್ಲೋ ಗೆರೆ ದಾಟಿದೆ. ದಾಟಿದ ದಿನ ಯಾವ ದೊಡ್ಡವರ ಕಣ್ಣಿಗೂ ಬೀಳಲಿಲ್ಲ.

ಹಾಗಾದರೆ ಇದು ಕನ್ನಡ-ಮಲಯಾಳ ಜಗಳವೇ?

ಹಾಗೆಂದುಕೊಂಡರೆ ನಮಗೆ ಸುಲಭ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದವರ ಮೇಲೆ ಎಲ್ಲವನ್ನೂ ಹಾಕಿ ಕೈ ತೊಳೆದುಕೊಳ್ಳಬಹುದು. ಭಾಷೆ ಇಲ್ಲಿನ ಮಕ್ಕಳ ಕೈಗೆ ಬೇಗ ಸಿಗುವ ಕಲ್ಲು ಎಂಬುದು ನಿಜ. ಆದರೆ ಅದನ್ನು ಎಲ್ಲರೂ ಎಸೆಯುತ್ತಾರೆ. ಪೇಟೆಯ ಬಾಡಿಗೆ ಕೋಣೆಗಳಲ್ಲಿ, ಅಂದರೆ ನಾವು ಕ್ವಾರ್ಟರ್ಸ್ ಎನ್ನುವ ಸಾಲುಮನೆಗಳಲ್ಲಿ, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಸಂಸಾರಗಳಿವೆ. ಅವರ ಮಕ್ಕಳು ನಮ್ಮ ಕನ್ನಡ ಶಾಲೆಗಳಿಗೇ ಬರುತ್ತಾರೆ. ಕೆಲವು ಶಾಲೆಗಳು ಮುಚ್ಚದೆ ಉಳಿದಿರುವುದರಲ್ಲಿ ಆ ಮಕ್ಕಳ ಪಾಲೂ ಇದೆ. ಅಲ್ಲಿ ಒಬ್ಬಳು ಹುಡುಗಿ ‘ಹೌದ್ರಿ ಸರ್’ ಎಂದರೆ ಇಡೀ ತರಗತಿ ರಾಗ ಎಳೆದು ‘ಹೌದ್ರೀ’ ಎನ್ನುತ್ತದೆ. ಹಾಗೆ ಎನ್ನುವವರು ಕನ್ನಡದ ಮಕ್ಕಳೇ. ‘ಘಟ್ಟದವರು’ ಎಂಬ ಮಾತನ್ನು ಅವರು ಕಲಿತದ್ದು ಮನೆಯ ಜಗಲಿಯಲ್ಲಿ. ಸಪ್ತಭಾಷೆಗಳ ಸಂಗಮ ಎಂದು ವೇದಿಕೆಯಲ್ಲಿ ಹೇಳುವ ನಾವೇ ಮನೆಯಲ್ಲಿ ಬ್ಯಾರಿಯವರ, ಕೊಂಕಣಿಯವರ, ಘಟ್ಟದವರ ಮಾತನ್ನು ಅಣಕಿಸಿ ನಗುತ್ತೇವೆ, ಮಕ್ಕಳು ಪಕ್ಕದಲ್ಲೇ ಕುಳಿತಿರುತ್ತಾರೆ.

ಇನ್ನೊಂದು ಮಾತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ್ದರ ವಿರುದ್ಧ ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ಪ್ರತಿಭಟನೆ ನಡೆದಿದೆ. ಪಾಠ ಅರ್ಥವಾಗುವುದಿಲ್ಲ ಎಂಬ ದೂರು ಪತ್ರಿಕೆಯಲ್ಲಿ ಬರುತ್ತದೆ. ಹಿಂದಿನ ಬೆಂಚಿನಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಹರಿಯುತ್ತಿರುವ ಬೈಗುಳವೂ ಆ ಅಧ್ಯಾಪಕರಿಗೆ ಅರ್ಥವಾಗುವುದಿಲ್ಲ, ಅಳುತ್ತಾ ಬಂದ ಮಗು ಹೇಳಿದ್ದೂ ಅರ್ಥವಾಗುವುದಿಲ್ಲ. ಇದನ್ನು ಯಾರೂ ಮನವಿಯಲ್ಲಿ ಬರೆಯುವುದಿಲ್ಲ. ಬರೆಯಬೇಕು.

ನನ್ನ ಮಗ ಏನೂ ಹೇಳುವುದಿಲ್ಲ. ಹೇಗೆ ತಿಳಿಯುವುದು?

‘ಯಾರಾದರೂ ತೊಂದರೆ ಕೊಡುತ್ತಾರಾ?’ ಎಂದು ನೇರ ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ವಸ್ತುಗಳನ್ನು ನೋಡಿ. ಜೂನ್ ತಿಂಗಳಲ್ಲಿ ಕೊಡೆ ಎರಡು ಸಲ ಮುರಿದಿದೆಯೇ? ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಬರುತ್ತಿದೆಯೇ? ನೀರು ಕುಡಿಯದ ಮಕ್ಕಳಲ್ಲಿ ಅನೇಕರು ಶೌಚಾಲಯಕ್ಕೆ ಹೋಗಲು ಹೆದರುವವರು. ಮನೆಗೆ ಬಂದವರೇ ಚೀಲ ಎಸೆದು ಬಚ್ಚಲಿಗೆ ಓಡುತ್ತಾರೆ. ಕಾರಣ ಕೊಳಕು ಮಾತ್ರವೇ, ಅಲ್ಲಿ ಯಾರಾದರೂ ಕಾದು ನಿಂತಿರುತ್ತಾರೆಯೇ ಎಂದು ತಿಳಿದುಕೊಳ್ಳಿ. ಹತ್ತು ನಿಮಿಷದಲ್ಲಿ ಮುಟ್ಟಿಸುವ ಬಸ್ಸು ಬಿಟ್ಟು ಸುತ್ತಿ ಬರುವ ಬಸ್ಸು ಹಿಡಿಯುತ್ತಿದ್ದರೂ ಸಂಶಯ ಪಡಿ. ಸೋಮವಾರದ ಹೊಟ್ಟೆನೋವು ಶನಿವಾರ ಬಾರದಿದ್ದರೆ ವೈದ್ಯರ ಬಳಿ ಹೋಗುವ ಮೊದಲು ಶಾಲೆಗೆ ಹೋಗಿ ಬನ್ನಿ.

ಮಾತು ಹೊರಡಿಸಲು ಎದುರೆದುರು ಕೂರಿಸಬೇಡಿ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವಾಗ, ತೆಂಗಿನಕಾಯಿ ಸುಲಿಯುವಾಗ, ಮುಖ ಕಾಣದ ಹೊತ್ತಿನಲ್ಲಿ ಮಕ್ಕಳು ಹೇಳುತ್ತಾರೆ. ಹೇಳಿದಾಗ ‘ನೀನೇನು ಮಾಡಿದ್ದೆ?’ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗದಿರಲಿ.

ಇದೆಲ್ಲ ಶಾಲೆಯಲ್ಲಿ ಎಲ್ಲಿ ನಡೆಯುತ್ತದೆ? ಅಧ್ಯಾಪಕರು ಇರುತ್ತಾರಲ್ಲ?

ಅಧ್ಯಾಪಕರಿಲ್ಲದ ಜಾಗಗಳಲ್ಲಿ. ನಾಲ್ಕು ಗಂಟೆಯ ಬಳಿಕ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ರಿಯಾಯಿತಿ ಟಿಕೆಟಿನ ಮಕ್ಕಳನ್ನು ಕಂಡಕ್ಟರ್ ಕೊನೆಗೆ ಹತ್ತಿಸುತ್ತಾನೆ, ಅಲ್ಲಿಯವರೆಗೆ ಐದನೆಯವನೂ ಪ್ಲಸ್ ಟೂ ಓದುವವನೂ ಒಂದೇ ಗುಂಪಿನಲ್ಲಿ ತಳ್ಳಾಡುತ್ತಿರಬೇಕು. ಚೀಲ ಕಸಿಯುವುದು, ಚಿಲ್ಲರೆ ಕೀಳುವುದು, ಹುಡುಗಿಯರ ಮೈಮೇಲೆ ಬೇಕೆಂದೇ ಬೀಳುವುದು ಅಲ್ಲಿ. ಬಾಗಿಲಲ್ಲಿ ನೇತಾಡುವುದು, ಇಳಿಯುವ ಮೊದಲೇ ಬಸ್ಸು ಬಿಡುವುದು ಬೇರೆ. ಟ್ಯೂಷನ್ ಸೆಂಟರಿನ ಇಕ್ಕಟ್ಟಿನ ಮೆಟ್ಟಿಲು ಇನ್ನೊಂದು ಜಾಗ. ಕ್ವಾರ್ಟರ್ಸ್‌ಗಳಲ್ಲಿ ಹತ್ತು ಮನೆಗೆ ಒಂದೇ ನಳ್ಳಿ, ಎರಡೇ ಶೌಚಾಲಯ ಎಂಬಂಥ ಕಡೆ ಶಾಲೆಯಲ್ಲಿ ಹೊಡೆದವನೇ ಸಂಜೆ ನಳ್ಳಿಯ ಹತ್ತಿರವೂ ಸಿಗುತ್ತಾನೆ. ಹಳ್ಳಿಯ ಮಗುವಿಗೆ ಮನೆ ಸೇರಿದರೆ ಸಂಜೆಯಾದರೂ ತನ್ನದು. ಇಲ್ಲಿಯ ಮಗುವಿಗೆ ಅದೂ ಇಲ್ಲ.

ಹೆದ್ದಾರಿ ಆರು ಪಥವಾದ ಮೇಲೆ ಇನ್ನೊಂದು ಸೇರಿದೆ. ಮೊದಲು ನೇರ ದಾಟುತ್ತಿದ್ದ ಮಕ್ಕಳು ಈಗ ಅಂಡರ್‌ಪಾಸ್ ಹುಡುಕಿ ಸರ್ವಿಸ್ ರಸ್ತೆಯಲ್ಲಿ ನಡೆಯಬೇಕು. ದಾಟಲು ಅದು ಸುರಕ್ಷಿತ ನಿಜ. ಆದರೆ ಆ ದಾರಿಯಲ್ಲಿ ಅಂಗಡಿ, ಮನೆ ಇಲ್ಲದ ಕಡೆ ಒಂಟಿ ಮಗುವಿಗೆ ಸಾಕ್ಷಿಯೂ ಇಲ್ಲ. ನಾಲ್ಕೈದು ಮಕ್ಕಳು ಜೊತೆಯಾಗಿ ಹೋಗುವಂತೆ ಬೀದಿಯ ಹೆತ್ತವರೇ ಮಾತಾಡಿಕೊಳ್ಳುವುದು ಒಳ್ಳೆಯದು. ರೈಲು ಹಳಿಯ ಮೇಲೆ ನಡೆದು ಹೋಗುವ ಅಡ್ಡದಾರಿಯ ಬಗ್ಗೆ ಚರ್ಚೆಯೇ ಬೇಡ, ನಿಲ್ಲಿಸಿ.

‘ಹೊಡೆದರೆ ತಿರುಗಿ ಹೊಡೆ’ ಎಂದು ಹೇಳಿಕೊಡಬಹುದೇ?

ತಂದೆಯಂದಿರೇ ಹೆಚ್ಚಾಗಿ ಕೇಳುವ ಪ್ರಶ್ನೆ. ಹೊಡೆಯುವ ತಾಕತ್ತಿದ್ದವನನ್ನು ಕಿರುಕುಳ ಕೊಡುವವರು ಮೊದಲೇ ಆರಿಸಿಕೊಳ್ಳುತ್ತಿರಲಿಲ್ಲ. ಜೋರಾಗಿ ‘ಬಿಡು’ ಎಂದು ಕೂಗಿ, ಜನ ಇರುವ ಕಡೆಗೆ ಓಡಲು ಹೇಳಿಕೊಡಿ.

ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ರಾಜಿ ಮಾಡಿಸಿದರೆ ಸಾಲದೇ?

ನಾನು ಮಾಡಿಸಿದ್ದೇನೆ. ಆರನೇ ತರಗತಿಯ ಒಬ್ಬ ಹುಡುಗ ಕೊಡೆ ಹಿಡಿದುಕೊಂಡು ಬಂದು ತೋರಿಸಿದ. ಎಂಟು ಕಡ್ಡಿಗಳಲ್ಲಿ ಮೂರು ಮುರಿದಿದ್ದವು. ದಿನಕ್ಕೊಂದರಂತೆ ಮುರಿಯುತ್ತೇನೆ ಎಂದು ದೊಡ್ಡ ತರಗತಿಯವನೊಬ್ಬ ಲೆಕ್ಕ ಹೇಳಿದ್ದನಂತೆ. ನಾನು ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿ, ಒಂದು ಸಣ್ಣ ಭಾಷಣ ಮಾಡಿ, ಕೈ ಕುಲುಕಿಸಿದೆ. ದೊಡ್ಡವನು ತುಂಬ ವಿನಯದಿಂದ ಕುಲುಕಿದ. ಸಂಜೆ ಉಳಿದ ಐದು ಕಡ್ಡಿಗಳೂ ಒಟ್ಟಿಗೆ ಹೋದವು, ಬಟ್ಟೆ ಚರಂಡಿಯಲ್ಲಿತ್ತು. ಹುಡುಗ ನೆನೆದುಕೊಂಡು ಮನೆಗೆ ಹೋದದ್ದು ನನಗೆ ಗೊತ್ತಾದದ್ದು ವಾರದ ಮೇಲೆ, ಅವನ ತಾಯಿಯಿಂದ. ಅವನು ಮತ್ತೆ ನನಗೆ ಏನನ್ನೂ ಹೇಳಲಿಲ್ಲ. ಕ್ರಿಸ್‌ಮಸ್ ರಜೆಯ ಬಳಿಕ ಟಿಸಿ ತೆಗೆದುಕೊಂಡು ಹೋದ.

ಬಲ ಸಮನಾಗಿರುವವರ ನಡುವೆ ರಾಜಿ ನಡೆಯುತ್ತದೆ. ಇಲ್ಲಿ ನಾನು ಮಾಡಿದ್ದು, ದೂರು ಹೇಳಿದವನು ಯಾರು ಎಂದು ಹೊಡೆದವನಿಗೆ ತೋರಿಸಿಕೊಟ್ಟದ್ದು. ಈಗಾದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ, ನೋಡಿದವರನ್ನು ಮೊದಲು ಕೇಳುತ್ತೇನೆ, ಕೊಡೆಯ ಬೆಲೆಯನ್ನು ಮುರಿದವನ ಮನೆಯಿಂದ ಕೊಡಿಸುತ್ತೇನೆ, ಎರಡು ವಾರ ಸಂಜೆ ಗೇಟಿನಲ್ಲಿ ನಿಲ್ಲುತ್ತೇನೆ. ಶಾಲೆ ರಾಜಿ ಎಂದರೆ ‘ಆಮೇಲೆ ಯಾರು ನೋಡಿಕೊಳ್ಳುತ್ತಾರೆ, ಎಷ್ಟು ದಿನ?’ ಎಂದು ನೀವೂ ಕೇಳಿ.

ದೂರು ಕೊಡುವುದು ಹೇಗೆ? ಬಾಯಿಮಾತಿನಲ್ಲಿ ಹೇಳಿದರೆ ಸಾಕೇ?

ಸಾಲದು. ಬಾಯಿಮಾತಿನ ದೂರು ಮುಂದಿನ ಸಭೆಯ ಹೊತ್ತಿಗೆ ‘ನಮಗೆ ಯಾರೂ ಹೇಳಿಲ್ಲವಲ್ಲ’ ಎಂದಾಗಿರುತ್ತದೆ. ಒಂದು ಪುಟದಲ್ಲಿ ಬರೆಯಿರಿ. ‘ನನ್ನ ಮಗನಿಗೆ ಎಲ್ಲರೂ ಹಿಂಸೆ ಕೊಡುತ್ತಾರೆ’ ಎಂದು ಬರೆದರೆ ಯಾರನ್ನೂ ಕರೆದು ಕೇಳಲಾಗುವುದಿಲ್ಲ. ‘ಮಂಗಳವಾರ ಊಟದ ಬಿಡುವಿನಲ್ಲಿ, ನೀರಿನ ನಳ್ಳಿಯ ಬಳಿ, ಒಂಬತ್ತನೇ ತರಗತಿಯ ಇಂಥವನು ಊಟದ ತಟ್ಟೆಯನ್ನು ಕಾಲಿನಿಂದ ಒದ್ದ, ಇಂಥಿಂಥವರು ನೋಡಿದ್ದಾರೆ, ಇದು ಈ ತಿಂಗಳಲ್ಲಿ ಮೂರನೆಯ ಸಲ’ ಎಂದು ಬರೆದರೆ ಕರೆದು ಕೇಳಲೇಬೇಕಾಗುತ್ತದೆ. ಬೈದ ಮಾತನ್ನು ಯಾವ ಭಾಷೆಯಲ್ಲಿ ಬೈದರೋ ಹಾಗೆಯೇ ಬರೆಯಿರಿ, ನಾಚಿಕೆ ಬೇಡ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದಕ್ಕೆ ದಿನಾಂಕ, ಸಹಿ, ಮೊಹರು ಹಾಕಿಸಿಕೊಳ್ಳಿ. ಗಾಯ ಇದ್ದರೆ ಫೋಟೊ ತೆಗೆಯಿರಿ, ಸರಕಾರಿ ಆಸ್ಪತ್ರೆಯ ಚೀಟಿ ಇಟ್ಟುಕೊಳ್ಳಿ.

ಮೊದಲು ತರಗತಿಯ ಅಧ್ಯಾಪಕರು, ಬಳಿಕ ಮುಖ್ಯೋಪಾಧ್ಯಾಯರು ಅಥವಾ ಪ್ರಿನ್ಸಿಪಾಲರು. ಅಲ್ಲಿ ಆಗದಿದ್ದರೆ ಪ್ರಾಥಮಿಕ ಶಾಲೆಗೆ ಉಪಜಿಲ್ಲಾ ವಿದ್ಯಾಧಿಕಾರಿ (ಎಇಒ), ಹೈಸ್ಕೂಲಿಗೆ ಜಿಲ್ಲಾ ವಿದ್ಯಾಧಿಕಾರಿ (ಡಿಇಒ). ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯೂ ಮಕ್ಕಳ ರಕ್ಷಣಾ ಘಟಕವೂ ಇವೆ. ರಾಜ್ಯ ಮಕ್ಕಳ ಹಕ್ಕುಗಳ ಆಯೋಗ ತಿರುವನಂತಪುರದಲ್ಲಿದೆ, ಒಂದು ರಾತ್ರಿಯ ರೈಲು ದೂರ. ಆದರೆ ಅಂಚೆಯಲ್ಲಿ ಕಳಿಸಿದ ಕಾಗದಕ್ಕೆ ರೈಲು ಹತ್ತಬೇಕಾಗಿಲ್ಲ. 1098 ಮಕ್ಕಳ ಸಹಾಯವಾಣಿ ಇಪ್ಪತ್ತನಾಲ್ಕು ಗಂಟೆಯೂ ಉಚಿತ, ಮಗುವೇ ಕರೆ ಮಾಡಬಹುದು. ಆ ಕ್ಷಣಕ್ಕೆ ಅಪಾಯವಿದ್ದರೆ 112.

ನನಗೆ ಮಲಯಾಳ ಬರೆಯಲು ಬರುವುದಿಲ್ಲ. ಕಚೇರಿಯಲ್ಲಿ ನನ್ನ ಕನ್ನಡ ದೂರನ್ನು ತೆಗೆದುಕೊಳ್ಳುತ್ತಾರೆಯೇ?

ನಮ್ಮವರು ದೂರು ಕೊಡದೆ ಮನೆಗೆ ಮರಳುವುದಕ್ಕೆ ನಾನು ಕಂಡ ಮುಖ್ಯ ಕಾರಣ ಇದು. ಮಗುವನ್ನು ಭಾಷೆಗಾಗಿ ಗೇಲಿ ಮಾಡಿದ್ದಾರೆ, ಅದನ್ನು ಹೇಳಲು ಹೋದ ಅಮ್ಮನಿಗೂ ಕೌಂಟರಿನಲ್ಲಿ ಅದೇ ಭಯ. ಒಬ್ಬರು ಬರೆದ ಅರ್ಜಿಯನ್ನು ಸೆರಗಿನಲ್ಲಿ ಮಡಚಿಟ್ಟುಕೊಂಡು ಎರಡು ದಿನ ಕಚೇರಿಯ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದರು.

ತೆಗೆದುಕೊಳ್ಳಲೇಬೇಕು. ಸಂವಿಧಾನದ 350ನೇ ವಿಧಿಯ ಪ್ರಕಾರ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 1969ರ ಕೇರಳ ಆಡಳಿತ ಭಾಷಾ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕನ್ನಡ ಅಲ್ಪಸಂಖ್ಯಾತರು ಹೆಚ್ಚಾಗಿರುವ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾನೂನು ಇದ್ದರೂ ಕೌಂಟರಿನಲ್ಲಿ ‘ಮಲಯಾಳದಲ್ಲಿ ಬರೆದು ತನ್ನಿ’ ಎಂದಾರು. ಆಗ ಜಗಳಕ್ಕೆ ನಿಲ್ಲದೆ, ‘ತೆಗೆದುಕೊಳ್ಳುವುದಿಲ್ಲ ಎಂದು ಬರೆದು ಕೊಡಿ’ ಎಂದು ಕೇಳಿ. ಬರೆದು ಕೊಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ, ಅರ್ಜಿ ತೆಗೆದುಕೊಂಡವರನ್ನು ಕಂಡಿದ್ದೇನೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೂ ಆಗುತ್ತದೆ.

ರ‍್ಯಾಗಿಂಗ್ ಕಾನೂನು ಕಾಲೇಜಿಗೆ ಮಾತ್ರ ಅಲ್ಲವೇ?

ಅಲ್ಲ. ಕೇರಳದಲ್ಲಿ 1998ರ ರ‍್ಯಾಗಿಂಗ್ ನಿಷೇಧ ಕಾಯಿದೆ ಇದೆ, ಶಾಲೆಯ ಘಟನೆಗಳಲ್ಲೂ ಅದರಡಿ ಪ್ರಕರಣ ದಾಖಲಾಗುತ್ತಿವೆ. ಪ್ಲಸ್ ವನ್‌ಗೆ ಸೇರಿದ ಹುಡುಗನ ಕೂದಲನ್ನು ಹಿರಿಯರು ಕತ್ತರಿಸಿದ ಸುದ್ದಿ ನಮ್ಮ ಜಿಲ್ಲೆಯಿಂದಲೇ ಬಂದಿತ್ತು. ನಿಮಗೆ ಬೇಕಾದ ಅಂಶ ಇಷ್ಟು: ವಿದ್ಯಾರ್ಥಿಯೋ ಹೆತ್ತವರೋ ಅಧ್ಯಾಪಕರೋ ಬರಹದಲ್ಲಿ ದೂರು ಕೊಟ್ಟರೆ ಸಂಸ್ಥೆಯ ಮುಖ್ಯಸ್ಥರು 7 ದಿನದೊಳಗೆ ವಿಚಾರಿಸಬೇಕು. ಮೇಲ್ನೋಟಕ್ಕೆ ನಿಜವೆಂದು ಕಂಡರೆ ಆರೋಪಿ ವಿದ್ಯಾರ್ಥಿಯನ್ನು ಅಮಾನತು ಮಾಡಿ ದೂರನ್ನು ಪೊಲೀಸರಿಗೆ ಕಳಿಸಬೇಕು. ಹುರುಳಿಲ್ಲ ಎನಿಸಿದರೆ ಅದನ್ನೂ ಬರಹದಲ್ಲಿ ತಿಳಿಸಬೇಕು. ಸುಮ್ಮನೆ ಕುಳಿತ ಮುಖ್ಯಸ್ಥರನ್ನು ಕಾಯಿದೆ ಕುಮ್ಮಕ್ಕು ಕೊಟ್ಟವರೆಂದೇ ಎಣಿಸುತ್ತದೆ. ಬರಹದ ದೂರು ಎಂದು ನಾನು ಒತ್ತಿ ಹೇಳುವುದು ಇದಕ್ಕೆ. ಏಳು ದಿನದ ಎಣಿಕೆ ಆ ಮೊಹರಿನಿಂದ ಶುರುವಾಗುತ್ತದೆ.

ಹೊಡೆಯುವವರು, ಅಡ್ಡಹೆಸರು ಕರೆಯುವವರು ಅಧ್ಯಾಪಕರೇ ಆದರೆ?

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೇ ನಿಷೇಧಿಸಿದೆ. ‘ನಾವೆಲ್ಲ ಪೆಟ್ಟು ತಿಂದೇ ಕಲಿತದ್ದು’ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಿದ್ದರು. ಕಲಿತವರು ಮಾತ್ರ ಆ ಮಾತು ಹೇಳಲು ಉಳಿದಿರುತ್ತಾರೆ, ಶಾಲೆ ಬಿಟ್ಟವರು ಸ್ಟಾಫ್ ರೂಮಿನಲ್ಲಿ ಇರುವುದಿಲ್ಲ.

ಮೊಬೈಲ್ ಗುಂಪುಗಳಲ್ಲಿ ನಡೆಯುವುದನ್ನು ಹೇಗೆ ತಡೆಯುವುದು?

2025ರ ಫೆಬ್ರವರಿ ಕೊನೆಯಲ್ಲಿ ಕೋಯಿಕ್ಕೋಡ್ ಜಿಲ್ಲೆಯ ತಾಮರಶ್ಶೇರಿಯಲ್ಲಿ ಟ್ಯೂಷನ್ ಸೆಂಟರಿನ ಬೀಳ್ಕೊಡುಗೆ ಕಾರ್ಯಕ್ರಮದ ಕುಣಿತದಿಂದ ಶುರುವಾದ ಮಾತು ಹೊಡೆದಾಟವಾಗಿ, ಹತ್ತನೇ ತರಗತಿಯ ಹುಡುಗನೊಬ್ಬ ಸತ್ತ. ಹೊಡೆದಾಟಕ್ಕೆ ಮೊದಲೂ ಆಮೇಲೂ ಮಕ್ಕಳು ಮೊಬೈಲ್ ಗುಂಪುಗಳಲ್ಲಿ ಆಡಿದ ಮಾತುಗಳು ಹೊರಬಂದಾಗ ಕೇರಳದ ಹೆತ್ತವರೆಲ್ಲ ತಮ್ಮ ಮಕ್ಕಳ ಕೈಯ ಮೊಬೈಲನ್ನು ಒಮ್ಮೆ ನೋಡಿದರು. ಒಂದು ವಾರ.

ಮೊಬೈಲ್ ಕಸಿದರೆ ಮಗು ಮುಂದಿನ ಸಲ ತೋರಿಸುವುದಿಲ್ಲ. ತೋರಿಸಿದರೆ ಕಸಿಯುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಕೆಟ್ಟ ಸಂದೇಶ ಬಂದರೆ ಅಳಿಸದೆ ಪರದೆಯ ಚಿತ್ರ ತೆಗೆದಿಡಿ, ಸಮಯ ಮತ್ತು ಸಂಖ್ಯೆ ಕಾಣುವಂತೆ. ಬಳಿಕ ಕಳಿಸಿದವರನ್ನು ಬ್ಲಾಕ್ ಮಾಡಿ. ನಗ್ನ ಚಿತ್ರ ಅಥವಾ ಚಿತ್ರದ ಹೆಸರಿನಲ್ಲಿ ಬೆದರಿಕೆ ಇದ್ದರೆ ಆ ಚಿತ್ರವನ್ನು ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡಿ. ಮೊಬೈಲ್ ಹಿಡಿದುಕೊಂಡೇ ಪೊಲೀಸರ ಬಳಿ ಹೋಗಿ.

ಮೈ ಮುಟ್ಟಿದ ವಿಷಯವಾದರೆ? ಹೊರಗೆ ಗೊತ್ತಾದರೆ ಹುಡುಗಿಯ ಗತಿ ಏನು?

ಹುಡುಗನ ಗತಿಯನ್ನು ಯಾರೂ ಕೇಳುವುದಿಲ್ಲ, ಹುಡುಗರಿಗೂ ಆಗುತ್ತದೆ. 18 ತುಂಬದ ಯಾರಿಗೇ ಆದರೂ 2012ರ ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆ, ಅನ್ವಯಿಸುತ್ತದೆ. ಇಲ್ಲಿ ಶಾಲೆಯೊಳಗಿನ ಪಂಚಾಯಿತಿಗೆ ಜಾಗವಿಲ್ಲ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ತಮ್ಮ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಮಗುವಿನ ಗುರುತನ್ನು ಪ್ರಕಟಿಸುವಂತಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಪಡೆಯಬಹುದು, ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ನಮ್ಮವರು ನೆನಪಿಡಬೇಕಾದ ಇನ್ನೊಂದು: ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆದುಕೊಳ್ಳುತ್ತಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ಕೇಳಿ ಪಡೆಯಿರಿ. ಗೇಟಿನಲ್ಲಿ ನಿಂತ ನೆಂಟರೊಬ್ಬರು ಅರೆಬರೆ ಅನುವಾದ ಮಾಡುವುದು ಬೇಡ.

ಕಿರುಕುಳ ಕೊಡುವವನು ನನ್ನ ಮಗನೇ ಎಂದು ಶಾಲೆಯಿಂದ ಕರೆ ಬಂತು. ಈಗ?

ಈ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಇಬ್ಬರೇ ಕೇಳಿದ್ದಾರೆ. ಉಳಿದವರೆಲ್ಲ ‘ನನ್ನ ಮಗ ಅಂಥವನಲ್ಲ’ ಎಂದರು. ಮನೆಗೆ ಹೋಗಿ ಬೆಲ್ಟ್ ತೆಗೆದರೆ ದೊಡ್ಡವನು ಸಣ್ಣವನನ್ನು ಹೊಡೆಯಬಹುದು ಎಂಬ ಪಾಠವೇ ಮತ್ತೆ ಆಗುತ್ತದೆ. ಅವನಿಗೆ ಯಾರು ಹೊಡೆಯುತ್ತಿದ್ದಾರೆ ಎಂಬುದನ್ನೂ ನೋಡಿ. ಕೊಡೆ ಮುರಿದ ಆ ದೊಡ್ಡ ಹುಡುಗ ಮನೆಯಲ್ಲಿ ಅಣ್ಣನ ಕೈಯಲ್ಲಿ ದಿನಾ ಏಟು ತಿನ್ನುತ್ತಿದ್ದ ಎಂದು ನನಗೆ ಬಹಳ ತಡವಾಗಿ ಗೊತ್ತಾಯಿತು. ಹಾಳು ಮಾಡಿದ್ದನ್ನು ಅವನೇ ಸರಿಪಡಿಸಲಿ, ಶಾಲೆಯ ಆಪ್ತ ಸಮಾಲೋಚಕರನ್ನು ಕಾಣಲಿ. ಪ್ರಕರಣ ದಾಖಲಾದರೂ 18ರ ಒಳಗಿನವರನ್ನು ಲಾಕಪ್ಪಿಗೆ, ಜೈಲಿಗೆ ಹಾಕುವಂತಿಲ್ಲ. ಬಾಲ ನ್ಯಾಯ ಮಂಡಳಿ ವಿಚಾರಿಸುತ್ತದೆ.

ಶಾಲೆ ಬದಲಿಸುವುದು ಒಳ್ಳೆಯದೇ?

ಕೆಲವೊಮ್ಮೆ. ಆದರೆ ಮಗು ಅದೇ ಬಸ್ಸಿನಲ್ಲಿ ಹೋಗುವುದಾದರೆ ಏನೂ ಬದಲಾಗುವುದಿಲ್ಲ.

‘ಯಾರಿಗೂ ಹೇಳಬೇಡ’ ಎಂದು ಮಗಳು ಆಣೆ ಹಾಕಿಸಿಕೊಂಡಿದ್ದಾಳೆ. ಹೇಳಿದರೆ ನಂಬಿಕೆ ಕೆಡುವುದಿಲ್ಲವೇ?

ಆಣೆ ಹಾಕುವ ಮೊದಲೇ ‘ನಿನ್ನನ್ನು ಕೇಳದೆ ಹೇಳುವುದಿಲ್ಲ, ಆದರೆ ಹೇಳದಿರುತ್ತೇನೆ ಎಂದು ಮಾತು ಕೊಡಲಾರೆ’ ಎಂದಿದ್ದರೆ ಒಳ್ಳೆಯದಿತ್ತು. ಈಗ ಆಗಿಹೋಗಿದೆ. ಅವಳ ಹತ್ತಿರ ಕುಳಿತು ದೂರನ್ನು ಅವಳಿಂದಲೇ ಬರೆಸಿ, ಕನ್ನಡದಲ್ಲಿ. ಯಾವ ಹೆಸರು ಇರಲಿ, ಯಾವುದು ಬೇಡ, ಯಾರ ಕೈಗೆ ಕೊಡೋಣ ಎಂದು ಅವಳನ್ನೇ ಕೇಳಿ. ಹೀಗೆ ಬರೆದ ಒಂದು ದೂರು ನನ್ನ ಕೈಗೆ ಬಂದಿತ್ತು. ನೋಟ್ ಪುಸ್ತಕದ ಹಾಳೆ, ಏಳನೇ ತರಗತಿಯ ದುಂಡು ಅಕ್ಷರ, ಎರಡು ಸಾಲು ಹೊಡೆದು ಹಾಕಿ ಮತ್ತೆ ಬರೆದದ್ದು. ಕೊನೆಯಲ್ಲಿ ಅಮ್ಮನ ಸಹಿ, ಅದರ ಕೆಳಗೆ ಮಗಳದ್ದೂ.